ಮತ್ತಿಮರದ ತಿರುವಿನಲ್ಲಿ ಯಾರೂ ಹತ್ತುವುದಿಲ್ಲ

ಬಸ್ ಕಂಪನಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ವಿರಾಜಮಾನರಾಗಿರುವ ನ್ಯೂರಲ್ ನೆಟ್‌ವರ್ಕ್ ಗಣಕಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಬಾಳೆಹೊನ್ನೂರಿನಿಂದ ಜಯಪುರಕ್ಕೆ ಹೋಗುವ ರಸ್ತೆಯಲ್ಲಿ, ಮತ್ತಿಮರದ ತಿರುವಿನಲ್ಲಿ ಗೂಡಂಗಡಿ ಇಟ್ಟುಕೊಂಡಿರುವ ಷಡಕ್ಷರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಕರೆಂಟು ಹೋಗದೆ ತಾವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ತೀರ್ಮಾನದ ಪ್ರಕಾರ ನಮ್ಮ ತಿರುವಿನಲ್ಲಿ ಬಸ್ಸು ಹತ್ತುವವರೇ ಇಲ್ಲವಾದ್ದರಿಂದ, ಇಲ್ಲದವನೊಬ್ಬ ಪತ್ರ ಬರೆಯುತ್ತಿರುವ ಅಧಿಕಪ್ರಸಂಗಕ್ಕೆ ಮೊದಲು ಕ್ಷಮೆ ಇರಲಿ.

ತಮಗೆ ಮಾಹಿತಿ ಉಣಬಡಿಸಿದ ಇಂಜಿನಿಯರಿಂಗ್ ವಿದ್ಯಾರ್ಥಿ ಶಶಿಕಿರಣ್ ಒಳ್ಳೆಯವರು. ಕಳೆದ ಬೇಸಿಗೆಯಲ್ಲಿ ಪ್ರಾಜೆಕ್ಟಿಗೆಂದು ಇಲ್ಲಿ ಓಡಾಡುತ್ತಿದ್ದಾಗ ನಮ್ಮಂಗಡಿಯ ಬೆಂಚಿನ ಮೇಲೆ ಕುಳಿತು ಗಣಕಯಂತ್ರರಾದ ತಮ್ಮ ಮಹಿಮೆಯನ್ನು ವಿವರಿಸಿದ್ದರು. ತಾವು ಮೊದಲು ಒಂದು ನಂಬಿಕೆ ಇಟ್ಟುಕೊಳ್ಳುತ್ತೀರಂತೆ, ಪುರಾವೆ ಬಂದ ಹಾಗೆಲ್ಲ ಅದನ್ನು ತಿದ್ದಿಕೊಳ್ಳುತ್ತೀರಂತೆ, ಎಷ್ಟು ಖಾತ್ರಿ ಎಷ್ಟು ಅನುಮಾನ ಎಂಬುದನ್ನೂ ಬಾಯಿಬಿಟ್ಟು ಹೇಳುತ್ತೀರಂತೆ. ತನಗೆ ಅನುಮಾನವಿದೆ ಎಂದು ಒಪ್ಪಿಕೊಳ್ಳುವ ಅಧಿಕಾರಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲವಾದ್ದರಿಂದ ಅವರಿಗೆ ಇನ್ನೊಂದು ಚಹಾ ಕೊಟ್ಟೆ.

ಎಲ್ಲಿ ಎಷ್ಟು ಜನ ಹತ್ತಿದರೆಂದು ಕಂಡಕ್ಟರುಗಳು ಬರೆದಿಡುವ ಟ್ರಿಪ್ ಶೀಟುಗಳು ಇದ್ದ ಹಾಗೆಯೇ ತಮಗೆ ಒಗ್ಗುವುದಿಲ್ಲವಂತೆ. ತೊಳೆದು ಸೋಸಿ ಕೊಡಬೇಕಂತೆ. ಬಸ್ಸು ಕೆಟ್ಟು ನಿಂತ ದಿನಗಳಿಗೆ ಶಶಿಕಿರಣ್ ಸರಾಸರಿಯ ತೇಪೆ ಹಾಕಿದರು. ಶೃಂಗೇರಿಗೆ ಮದುವೆ ದಿಬ್ಬಣ ಹೋದ ದಿನದ ನೂಕುನುಗ್ಗಲನ್ನು ಅತಿರೇಕವೆಂದು ಕಿತ್ತುಹಾಕಿದರು. ಉಳಿದವರನ್ನೆಲ್ಲ ಸೊನ್ನೆಗೂ ಒಂದಕ್ಕೂ ನಡುವೆ ಕುಗ್ಗಿಸಿ ಕೂರಿಸಿದರು. ಹಲಸಿನ ಹಣ್ಣಿನ ಮೂಟೆಯಿಲ್ಲದೆ ತವರಿಗೆ ಹೊರಡದ ನನ್ನ ಹೆಂಡತಿ ವೀರಮ್ಮನೂ ಅಷ್ಟರಲ್ಲೇ ಹಿಡಿಸಿದಳೆಂದ ಮೇಲೆ ತಮ್ಮ ವಿದ್ಯೆಗೆ ತಲೆದೂಗದೆ ವಿಧಿಯಿಲ್ಲ.

ಆದರೆ ಮಾನ್ಯರೇ, ನಮ್ಮದು ಟಿಕೆಟು ದರ ಗೊತ್ತುಮಾಡಿದ ಸ್ಟೇಜ್ ಅಲ್ಲ. ಇಲ್ಲಿ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರು ಹಿಂದಿನ ಸ್ಟೇಜಾದ ಹೊಸಗದ್ದೆಯಿಂದ ಟಿಕೆಟು ಹರಿಯುತ್ತಿದ್ದರು. ಹಾಗಾಗಿ ಕಾಗದದಲ್ಲಿ ನಾವೆಲ್ಲ ಹೊಸಗದ್ದೆಯವರು. ಸ್ವತಃ ಶಶಿಕಿರಣ್ ಇಲ್ಲಿಯೇ ಬಸ್ಸು ಹತ್ತಿ, ಹೊಸಗದ್ದೆಯ ಟಿಕೆಟನ್ನು ಜೇಬಿಗಿಳಿಸಿ, ಊರಿಗೆ ಹೋಗಿ ನಮ್ಮ ತಿರುವಿನ ಹೆಸರಿನ ಮುಂದೆ ಸೊನ್ನೆ ತುಂಬಿದರು. ತಾವು ಅದನ್ನು ಜೀರ್ಣಿಸಿಕೊಂಡು, ಇಲ್ಲಿ ಯಾರೂ ಹತ್ತುವುದಿಲ್ಲವೆಂದು ನೂರಕ್ಕೆ ತೊಂಬತ್ತೇಳರಷ್ಟು ಖಾತ್ರಿಯಾದಿರಿ. ಉಳಿದ ಮೂರರಷ್ಟು ಅನುಮಾನವನ್ನು ನಮಗಾಗಿ ಕಾದಿರಿಸಿದ ಔದಾರ್ಯಕ್ಕೆ ಇಡೀ ತಿರುವು ಋಣಿಯಾಗಿದೆ. ಬೆಳಗಿನ ಬಸ್ಸು ಎಕ್ಸ್‌ಪ್ರೆಸ್ ಆಯಿತು. ಈಗ ನಾವು ಕೈ ಅಡ್ಡ ಹಿಡಿದರೆ ಡ್ರೈವರೂ ಪ್ರೀತಿಯಿಂದ ಕೈ ಬೀಸಿ ಹೋಗುತ್ತಾರೆ.

ಎಸ್ಟೇಟಿನಲ್ಲಿ ಕೂಲಿ ಮಾಡುವ ಸೀತಕ್ಕನ ಮಗಳು ಅಂಬಿಕಾ ಜಯಪುರದಲ್ಲಿ ಎರಡನೇ ಪಿಯುಸಿ ಓದುತ್ತಾಳೆ. ಕಾಲೇಜಿನ ಹೊತ್ತಿಗೆ ಇರುವುದು ಅದೊಂದೇ ಬಸ್ಸು. ಹುಡುಗಿ ಕಾಡುದಾರಿಯಲ್ಲಿ ಹೊಸಗದ್ದೆಯವರೆಗೆ ಹಿಂದಕ್ಕೆ ನಡೆದು, ಬಸ್ಸು ಹತ್ತಿ, ತನ್ನ ಮನೆಯ ಮುಂದೆಯೇ ಹಾದು ಹೋಗುತ್ತಾಳೆ. ಆನೆ ಇಳಿದಿದೆಯೆಂಬ ಸುದ್ದಿ ಬಂದ ದಿನ ಅದೂ ಇಲ್ಲ. ಹಾಜರಿ ಹೀಗೇ ಕಡಿಮೆಯಾದರೆ ಮಾರ್ಚಿನ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿದ್ದಾರೆ. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ತಮಗೆ ಹೊಟ್ಟೆ ಕೊಡದ ದೇವರು ದೊಡ್ಡವನು.

ನಮ್ಮವರು ಪ್ರಯಾಣವನ್ನೇ ಬಿಟ್ಟ ಮೇಲೆ, ಹೊಸಗದ್ದೆಯಲ್ಲಿ ಜನ ಏಕೆ ಕಡಿಮೆಯಾದರೆಂದು ತಾವು ಚಿಂತಿಸುತ್ತಿದ್ದೀರೆಂದೂ, ಆ ಸ್ಟೇಜನ್ನೇ ತೆಗೆಯುವ ಆಲೋಚನೆಯಿದೆಯೆಂದೂ ಕೇಳಿ ಸಂತೋಷವಾಯಿತು. ಹೀಗೇ ಕಲಿಯುತ್ತಾ ಹೋದರೆ ಜಯಪುರ ದಾಟಿ ಕೊಪ್ಪದವರೆಗೂ ಬಸ್ಸು ಖಾಲಿಯಾಗಿ, ಸರಿಯಾದ ಸಮಯಕ್ಕೆ ತಲುಪುವ ಶುಭದಿನ ದೂರವಿಲ್ಲ. ಅದಕ್ಕೆ ಮೊದಲು ಒಂದು ಬೆಳಿಗ್ಗೆ ತಾವು ವೈರು, ಕೀಬೋರ್ಡು ಸಮೇತ ದಯಮಾಡಿಸಿ, ಅಂಬಿಕಾಳ ಪಕ್ಕದಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿಯಬೇಕೆಂದು ಪ್ರಾರ್ಥನೆ. ಕೈಯಿಲ್ಲವೆಂದು ಸಂಕೋಚಪಡಬೇಡಿ. ಕೈ ಇದ್ದವರಿಗೂ ಅದು ನಿಲ್ಲುವುದಿಲ್ಲ.

ಇಲ್ಲದೆಯೂ ಇಲ್ಲೇ ಇರುವ
ತಮ್ಮ ವಿಶ್ವಾಸಿ,
ಷಡಕ್ಷರಿ
ಡಿಸೆಂಬರ್ 2008

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಸೀತಕ್ಕ ಬೆಲ್ಲಕ್ಕೆಂದು ಬಂದಿದ್ದರು. “ಬಸ್ಸಿನ ಸುದ್ದಿ ಬಿಡಿ ಮಾರಾಯ್ರೆ, ನಾಳೆಯಿಂದ ಅವ್ಳೂ ನನ್ ಜೊತಿಗೆ ಕೆಲ್ಸಕ್ಕೆ ಬತ್ತಾಳೆ” ಎಂದರು. ಆದ್ದರಿಂದ ತಾವು ಏನನ್ನೂ ತಿದ್ದಿಕೊಳ್ಳುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ತಮ್ಮ ಲೆಕ್ಕ ಈಗ ಸರಿಯಾಗಿದೆ.