ಹುಲಿಯಪ್ಪ ಮೇಷ್ಟ್ರ ಒಂದೇ ಒಂದು ಸೀನು

ಬಂಗಾರಮ್ಮನ ಇನ್‌ಹೇಲರ್ ಖಾಲಿಯಾದದ್ದು ಬುಧವಾರ ಬೆಳಿಗ್ಗೆ. ಮನೆಯಲ್ಲಿ ಅದಕ್ಕೆ ಪಂಪು ಎಂದೇ ಹೆಸರು. ಆಕೆ ಎರಡು ಸಲ ಒತ್ತಿ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ರೀ, ಇದ್ರಲ್ಲಿ ಇನ್ನು ಗಾಳಿ ಬಿಟ್ರೆ ಏನೂ ಇಲ್ಲ."

ಹುಲಿಯಪ್ಪ ಮೇಷ್ಟ್ರು ಪಂಪು ಇಸಿದುಕೊಂಡು ತಾವೂ ಒಮ್ಮೆ ಒತ್ತಿ ನೋಡಿದರು. ಅದು ಎರಡು ಸಾವಿರದ ಒಂಬತ್ತರ ಆಗಸ್ಟ್. ಊರೆಲ್ಲ ಹಂದಿಜ್ವರದ್ದೇ ಮಾತು. ಬಂಗಾರಮ್ಮನಿಗೋ ಹದಿನಾರು ವರ್ಷದ ಉಬ್ಬಸ. "ಇವರಿಗೆ ಮಾತ್ರ ಈ ಜ್ವರ ತಗಲದ ಹಾಗೆ ನೋಡ್ಕೊಳ್ಳಿ" ಎಂದು ಡಾಕ್ಟರು ಹೇಳಿದ ದಿನವೇ ಮೇಷ್ಟ್ರು ಹೈಸ್ಕೂಲಿಗೆ ರಜೆ ಹಾಕಿ, ಶಿವಮೊಗ್ಗದ ವಿದ್ಯಾನಗರದ ಮನೆಯ ಗೇಟಿಗೆ ಸರಪಳಿ ಬಿಗಿದಿದ್ದರು. ಕಾಂಪೌಂಡಿನ ಮೇಲಿಟ್ಟ ಪಾತ್ರೆಗೆ ಹಾಲಿನವನು ಕೈ ಚಾಚಿ ಹಾಲು ಸುರಿಯಬೇಕು. ತರಕಾರಿಗೆ ಉಪ್ಪುನೀರಿನ ಸ್ನಾನ. ದಿನಪತ್ರಿಕೆಗೆ ಇಸ್ತ್ರಿ, ಒಂದು ದಿನ ಕಾವು ಹೆಚ್ಚಾಗಿ ಸಂಪಾದಕೀಯವೇ ಸುಟ್ಟು ಹೋಗಿತ್ತು.

ಮೇಷ್ಟ್ರು ಕಲಿಸುತ್ತಿದ್ದದ್ದು ಚಿತ್ರಕಲೆ. ರಾತ್ರಿಯೆಲ್ಲ ಹೆಂಡತಿಯ ಉಸಿರಿಗೆ ಕಿವಿಗೊಟ್ಟು ಮಲಗುತ್ತಿದ್ದುದರಿಂದ ಹಗಲು ಅವರ ಕಣ್ಣಿಗೆ ಲೋಕವು ನೀರು ಹೆಚ್ಚಾದ ಬಣ್ಣದ ಚಿತ್ರದಂತೆ, ಅಂಚುಗಳೇ ಇಲ್ಲದೆ ತೇಲುತ್ತಿತ್ತು.

"ಮಾತ್ರೆ ಇದೆ, ಸಂಜೆವರೆಗೆ ನಡೆಯುತ್ತೆ. ಗಾಬರಿ ಮಾಡ್ಕೋಬೇಡಿ" ಎಂದರು ಬಂಗಾರಮ್ಮ. ಊರಲ್ಲಿ ಎಲ್ಲೂ ಮಾಸ್ಕ್ ಸಿಗುತ್ತಿರಲಿಲ್ಲವಾದ್ದರಿಂದ ಉಳಿದ ರವಿಕೆ ಬಟ್ಟೆಯಲ್ಲಿ ತಾವೇ ಒಂದನ್ನು ಹೊಲಿದು ಗಂಡನ ಮುಖಕ್ಕೆ ಕಟ್ಟಿದರು. ಕೆಂಪು ಬಣ್ಣ, ಮೇಲೆ ಹಸಿರು ಮಾವಿನಕಾಯಿ.

ಪಕ್ಕದ ಮನೆಯ ಪುಟ್ಟಯ್ಯ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದರು. "ಏನ್ ಮೇಷ್ಟ್ರೇ, ಬಾಯಿಗೆ ರವಿಕೆ ತೊಡಿಸಿದೀರಲ್ಲ!"

ಮೇಷ್ಟ್ರು ಹೊರಗಿನಿಂದ ಮತ್ತೆ ಸರಪಳಿ ಬಿಗಿದು ಹೊರಟರು. ಗಾಂಧಿ ಬಜಾರಿನವರೆಗೆ ಐದು ಔಷಧಿ ಅಂಗಡಿ ಸುತ್ತಿದರು. ಎಲ್ಲಿಯೂ ಆ ಪಂಪು ಇಲ್ಲ. ಕೊನೆಯ ಅಂಗಡಿಯವನು ಕನಿಕರಪಟ್ಟು ಫೋನ್ ಮಾಡಿ ವಿಚಾರಿಸಿದ. "ಭದ್ರಾವತೀಲಿ ದೊಡ್ಡ ಆಸ್ಪತ್ರೆ ಎದುರಿನ ಅಂಗಡೀಲಿ ಎರಡಿದೆಯಂತೆ ಸಾರ್. ಎತ್ತಿಡೋಕೆ ಹೇಳಿದೀನಿ."

ಭದ್ರಾವತಿಯ ಮೇಲೆ ಶಂಕರಘಟ್ಟಕ್ಕೆ ಹೋಗುವ ಬಸ್ಸು ಸಿಕ್ಕಿತು. ಹಿಂದಿನ ಕಿಟಕಿಯ ಸೀಟೂ ಸಿಕ್ಕಿತು. ಸೇತುವೆಯ ಕೆಳಗೆ ತುಂಗೆ ಕುಂಚ ತೊಳೆದ ನೀರಿನ ಹಾಗೆ ಕೆಂಪಗೆ ಹರಿಯುತ್ತಿದ್ದಳು. ವಿದ್ಯಾನಗರದಲ್ಲಿ ಪುಟ್ಟಯ್ಯನವರ ಮಗಳು ವೀಣಾ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಲೆಂದು ಅದೇ ಬಸ್ಸು ಹತ್ತಿ ಮುಂದೆ ಕುಳಿತಳು. ಜಿಟಿಜಿಟಿ ಮಳೆ. ಮೇಷ್ಟ್ರಿಗೆ ಕಣ್ಣು ಎಳೆಯತೊಡಗಿತು. ಹೊಸ ಬಟ್ಟೆಯ ಗಂಜಿ ಮೂಗಿನೊಳಗೆ ಇರುವೆಯಂತೆ ಹರಿದಾಡಿತು.

"ಆಕ್ಷೀ!"

ಬಸ್ಸಿನ ಮಾತೆಲ್ಲ ಗಕ್ಕನೆ ನಿಂತಿತು. ಪಕ್ಕದಲ್ಲಿದ್ದ ದಪ್ಪ ಮನುಷ್ಯ ಅಷ್ಟು ಬೇಗ ಏಳಬಲ್ಲನೆಂದು ಯಾರೂ ಎಣಿಸಿರಲಿಲ್ಲ. ಕಂಡಕ್ಟರ್ ಮಲ್ಲೇಶ್ ಆರು ಸೀಟು ದೂರದಿಂದಲೇ ಕೇಳಿದ:

"ಸಾರ್, ಆ ಜ್ವರ ಏನಾದ್ರೂ..."

"ಛೇ, ನಂಗೇನೂ ಇಲ್ಲ ಮಾರಾಯ. ಕಾಯಿಲೆ ಇರೋದು ನಮ್ಮನೆಯೋರಿಗೆ. ಉಸಿರಾಡೋಕೇ ಆಗಲ್ಲ ಪಾಪ. ಅದಕ್ಕೇ ದೊಡ್ಡ ಆಸ್ಪತ್ರೆ ಹತ್ರ..."

"ಮನೆಯೋರಿಗೆ ಆಗ್ಲೇ ಉಸಿರು ಕಟ್ಟಿದೆಯಂತೆ!" ಎಂದು ಯಾರೋ ಕೂಗಿದರು. ಮರುಕ್ಷಣ ನಲವತ್ತೆರಡು ಜನ ಬಸ್ಸಿನ ಮುಂದಿನ ಭಾಗದಲ್ಲಿ, ಡಬ್ಬಿಯಲ್ಲಿ ತುಂಬಿದ ಹಪ್ಪಳದಂತೆ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಅವರ ನಡುವಿನಿಂದ ವೀಣಾ ಮೊಬೈಲಿನಲ್ಲಿ, "ಅಪ್ಪಾ, ಮೇಷ್ಟ್ರಿಗೆ ಬಂದ್ಬಿಟ್ಟಿದೆ" ಎನ್ನುತ್ತಿದ್ದಳು.

ವಿವರಿಸಲು ಮೇಷ್ಟ್ರು ಎದ್ದು ನಿಂತರು. ಜನ ಡ್ರೈವರನ ಮೇಲೆ ಬೀಳುವಂತಾದಾಗ ಮತ್ತೆ ಕುಳಿತರು. ಹಿಂದಿನ ಅರ್ಧ ಬಸ್ಸು ಅವರೊಬ್ಬರದೇ. ಕಾಲು ಚಾಚಿದರು. ಕಿಟಕಿಯಾಚೆ ಗದ್ದೆಗಳು ತೊಯ್ದ ಹಸಿರಾಗಿ ಕರಗಿ, ರಸ್ತೆಯೊಳಗೆ ಇಳಿದು, ಬಸ್ಸು ದೋಣಿಯಾಗಿ, ದೋಣಿ ಮೋಡವಾಯಿತು. ಎರಡು ವಾರದ ನಿದ್ದೆ ಒಟ್ಟಿಗೆ ಬಂದು ಅವರನ್ನು ಎತ್ತಿಕೊಂಡು ಹೋಯಿತು.

ಎಚ್ಚರವಾದಾಗ ಬಸ್ಸು ಭದ್ರಾವತಿಯ ದೊಡ್ಡ ಆಸ್ಪತ್ರೆಯ ಅಂಗಳದಲ್ಲೇ ನಿಂತಿತ್ತು. ಮಲ್ಲೇಶ್ ಉಪಕಾರ ಮಾಡಿದ ಮುಖದಲ್ಲಿ ಕೈಮುಗಿದ. "ಬಾಗಿಲಿಗೇ ತಂದಿದೀವಿ ಸಾರ್. ಟಿಕೆಟ್ ಬೇಡ. ಇಳಿದ್ರೆ ಸಾಕು."

"ವಾಂಗ ಸಾರ್, ಬನ್ನಿ ಬನ್ನಿ" ಎನ್ನುತ್ತ ಮುಖ ಮುಚ್ಚಿಕೊಂಡ ಇಬ್ಬರು ಅವರನ್ನು ಪ್ರತ್ಯೇಕ ವಾರ್ಡಿಗೆ ನಡೆಸಿದರು. ಯಾರೋ ತೋಳಿನಿಂದ ರಕ್ತ ತೆಗೆದರು. ಬಿಳೀ ಗೋಡೆ, ಬಿಳೀ ಹಾಸಿಗೆ, ಕಿಟಕಿಯಲ್ಲಿ ಬಿಳೀ ಮಳೆ. ಇನ್ನೂ ಬಣ್ಣ ಹಚ್ಚದ ಹಾಳೆಯೊಳಗೆ ತಾವು ಮಲಗಿದ್ದೇವೆ ಎನಿಸಿತು ಮೇಷ್ಟ್ರಿಗೆ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಮತ್ತೆ ನಿದ್ದೆ ಬಂದಿತ್ತು.

ಎಬ್ಬಿಸಿದ್ದು ಜೇಬಿನಲ್ಲಿದ್ದ ಮೊಬೈಲು.

"ರೀ, ಏನಾಯ್ತು ನಿಮಗೆ?" ಬಂಗಾರಮ್ಮನ ದನಿ ನಡುಗುತ್ತಿತ್ತು.

"ನಂಗೇನೂ ಆಗಿಲ್ಲ ಮಾರಾಯ್ತಿ, ಸೀನಿದೆ ಅಷ್ಟೆ. ಅದೇನು ಅಲ್ಲಿ ಗಲಾಟೆ?"

"ಸಮಾಧಾನ ಹೇಳೋಕೆ ಬಂದಿದಾರೆ. ಪುಟ್ಟಯ್ಯನೋರೇ ಗೇಟಿನ ಸರಪಳಿ ಬಿಚ್ಚಿಸಿದ್ರು. ಹದಿನೇಳು ಜನ. ನಡುಮನೇಲಿ ಕಾಲಿಡೋಕೂ ಜಾಗ ಇಲ್ಲ."

ಹಿಂದಿನಿಂದ ಯಾರೋ ಖೊಳ್ ಖೊಳ್ ಎಂದು ಕೆಮ್ಮಿದರು.

"ಯಾರೇ ಅದು ಕೆಮ್ಮಿದ್ದು?"

"ಪುಟ್ಟಯ್ಯನೋರು. ಮೂರು ದಿನದಿಂದ ಜ್ವರವಂತೆ. ಆದ್ರೂ ಕಷ್ಟಕ್ಕಾಗದಿದ್ರೆ ನೆರೆಮನೆಯೋರು ಯಾಕೆ ಅಂತ ಬಂದ್ರಂತೆ."

ಮೇಷ್ಟ್ರು ಹಾಸಿಗೆಯಿಂದ ನೆಗೆದರು. "ಕಿಟಕಿ ತೆಗಿ! ಹಿತ್ತಲಿಗೆ ಹೋಗು! ನಾನು ಬಂದೆ!"

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಬಡಿದರು, ಕೂಗಿದರು. ಎರಡು ವಾರದಿಂದ ಸೊಪ್ಪಿನವಳನ್ನೂ ಗೇಟಿನೊಳಗೆ ಬಿಟ್ಟುಕೊಳ್ಳದೆ ಕಾಪಾಡಿದ ಜೀವದ ಸುತ್ತ ಈಗ ಹದಿನೇಳು ಜನ ಕುಳಿತು ಉಸಿರಾಡುತ್ತಿದ್ದಾರೆ, ಪಂಪು ಬೇರೆ ಇಲ್ಲ. ಅವರ ಕಣ್ಣಲ್ಲಿ ನೀರು ಬಂತು.

ಬಾಗಿಲು ತೆರೆದದ್ದು ಡಾಕ್ಟರ್ ಅಮೂಲ್ಯ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಷ್ಟ್ರು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದರು. ಆಕೆ ಗಂಟಲು ನೋಡಿದರು, ಎದೆ ಪರೀಕ್ಷಿಸಿದರು, ಮೈ ಬಿಸಿ ನೋಡಿದರು. ನಗು ತಡೆಯಲಾಗಲಿಲ್ಲ.

"ನಿಮಗೆ ಜ್ವರದ ಲಕ್ಷಣ ಒಂದೂ ಇಲ್ಲ. ಮೊದಲು ಎದುರಿಗೆ ಹೋಗಿ ಪಂಪು ತಗೊಳ್ಳಿ ಸಾರ್. ರಕ್ತದ ರಿಪೋರ್ಟ್ ಬಂದ್ಮೇಲೆ ನಾನೇ ಫೋನ್ ಮಾಡ್ತೀನಿ."

ಎರಡೂ ಪಂಪುಗಳನ್ನು ಎದೆಗವಚಿಕೊಂಡು ಮೇಷ್ಟ್ರು ಶಿವಮೊಗ್ಗದ ಬಸ್ಸು ಹಿಡಿದರು. ಮನೆ ಮುಟ್ಟಿದಾಗ ಸಂಜೆ ಐದು ಗಂಟೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮನೆಯೊಳಗೂ ಸದ್ದಿಲ್ಲ. ಚಪ್ಪಲಿಯನ್ನೂ ಬಿಡದೆ ಬಾಗಿಲು ತಳ್ಳಿದರು.

ಎಲ್ಲ ಕಿಟಕಿಗಳನ್ನೂ ತೆರೆದಿಟ್ಟು, ಮೂಗಿಗೆ ಸೆರಗು ಕಟ್ಟಿಕೊಂಡು, ಬಂಗಾರಮ್ಮ ಒಬ್ಬರೇ ಹಿತ್ತಲ ಬಾಗಿಲ ಗಾಳಿಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಎಲ್ಲಿ ಅವ್ರೆಲ್ಲ?"

"ಓಡಿಸಿದೆ."

"ಹೆಂಗೇ?"

"ನೀವು ಫೋನಿಟ್ಟ ಮೇಲೆ ಜೋರಾಗಿ ಒಂದ್ಸಲ ಕೆಮ್ಮಿದೆ. 'ಅಯ್ಯೋ, ನಮ್ಮೆಜಮಾನ್ರಿಗೆ ಬಂದಿದ್ದು ನನ್ನಿಂದಲೇ ಇರ್ಬೇಕು' ಅಂದೆ. ಹದಿನೇಳು ಜನ, ಒಂದೇ ಬಾಗಿಲು! ಎದುರು ಮನೆ ಮಾಸ್ತಮ್ಮ ಕಿಟಕೀಲಿ ನುಗ್ಗೋಕೆ ನೋಡಿದ್ರು, ಸರಳು ಅಡ್ಡ ಬಂತು. ಪುಟ್ಟಯ್ಯನೋರು ಚಪ್ಪಲೀನೂ ಬಿಟ್ಟು ಹೋಗಿದಾರೆ."

ಮೇಷ್ಟ್ರು ಕುರ್ಚಿ ಎಳೆದು ಹೆಂಡತಿಯ ಪಕ್ಕ ಕುಳಿತರು. ಪಂಪಿನ ಡಬ್ಬಿ ಬಿಚ್ಚಿ ಕೊಟ್ಟರು. ಆಕೆ ಒತ್ತಿ, ಉಸಿರು ಹಿಡಿದು, ನಿಧಾನವಾಗಿ ಬಿಟ್ಟರು. ಎದೆಯ ಸಿಳ್ಳು ಅಡಗಿತು. ಹದಿನೇಳು ಜನರನ್ನು ಒಂದೇ ಕೆಮ್ಮಿಗೆ ಓಡಿಸಿದ ಇವಳನ್ನೇ ಅಲ್ಲವೇ ಇಷ್ಟು ವರ್ಷ ತಾವು ಕಾಪಾಡುತ್ತಿದ್ದದ್ದು ಎಂದು ಮೇಷ್ಟ್ರಿಗೆ ಏನೋ ಹಗುರವೆನಿಸಿತು. ಮಳೆಯ ನಡುವಿನ ತೆಳುಬಿಸಿಲಿನಲ್ಲಿ ಮನೆ ತೇಲುತ್ತಿದ್ದಂತಿತ್ತು.

ಆಗ ಫೋನು ಬಂತು. ಡಾಕ್ಟರ್ ಅಮೂಲ್ಯ.

"ಸಾರ್, ರಿಪೋರ್ಟ್ ಬಂತು. ನಿಮಗೆ ಸಕ್ಕರೆ ಮುನ್ನೂರ ನಲವತ್ತಿದೆ. ನಾಳೆನೇ ನಿಮ್ಮ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯೋರಿಗೂ ಈ ಜ್ವರ ತಗಲಬಾರದು. ಮನೇಲಿ ನಿಮ್ಮನ್ನ ನೋಡ್ಕೊಳ್ಳೋಕೆ ಯಾರಿದಾರೆ?"

ಫೋನಿನ ದನಿ ಪಕ್ಕದವರೆಗೂ ಕೇಳಿಸುತ್ತಿತ್ತು. ಬಂಗಾರಮ್ಮ ಬೆಳ್ಳುಳ್ಳಿ ಬದಿಗಿಟ್ಟು, ಕೈ ಒರೆಸಿಕೊಂಡು, ಫೋನು ಕಿತ್ತುಕೊಂಡರು.

"ನಾನಿದೀನಿ ಡಾಕ್ಟ್ರೇ. ಹೇಳಿ."

ಹದಿನಾರು ವರ್ಷದಲ್ಲಿ ಆಕೆಯ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ಮೇಷ್ಟ್ರು ಕೇಳಿರಲಿಲ್ಲ.

"ಅನ್ನ ಕಮ್ಮಿನಾ? ಆಯ್ತು... ಬಾಳೆಹಣ್ಣು? ಬಿಡಿಸ್ತೀನಿ... ಹೋಳಿಗೆ? ಅಯ್ಯೋ, ನೀವು ಕೇಳೋದೇ ಬೇಡ..."

ಮೇಷ್ಟ್ರು ಮೆಲ್ಲನೆ ಕುರ್ಚಿಗೆ ಒರಗಿದರು. ಅವರ ಕಣ್ಣೆದುರು ಅನ್ನದ ಗುಡ್ಡ, ಬಾಳೆಯ ಗೊನೆ, ತುಪ್ಪ ಸವರಿದ ಹೋಳಿಗೆ ಒಂದರ ಹಿಂದೊಂದು ಸೋನೆಮಳೆಯೊಳಗೆ ತೇಲುತ್ತ, ಮಸುಕಾಗುತ್ತ ಹೋದವು.

"ಹಲಸಿನಹಣ್ಣು?" ಬಂಗಾರಮ್ಮ ಗಂಡನ ಕಡೆ ತಿರುಗಿ, ಕೈಯಿಂದ ಫೋನು ಮುಚ್ಚಿ, ಬಲು ಪ್ರೀತಿಯಿಂದ ಹೇಳಿದರು: "ಅದೂ ಇಲ್ವಂತೆ ರೀ."