ಎದೆ ಮುಚ್ಚುವ ಪಾಠ

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ ರೀ. ಕಲಿಯದವರಿಗೆ ನಾನು ಸಹಿ ಹಾಕಲ್ಲ.

ಗಂಡ: ನಾನು ಕಲಿಯೋದಾ? ಊರಿನ ಅರ್ಧ ಜನದ ಹೃದಯ ಮುಟ್ಟಿದ ಕೈ ಕಣೇ ಇದು.

ಹೆಂಡತಿ: ಮುಟ್ಟಿದ್ದು ಸರಿ. ಆಮೇಲೆ ಮುಚ್ಚಿದ್ದು ಯಾರು?

ಗಂಡ ಎದೆಯ ಶಸ್ತ್ರವೈದ್ಯರು. ಹೆಂಡತಿ ಅದೇ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್. ಎದೆ ತೆರೆದು, ಹೃದಯ ಸರಿಪಡಿಸಿ, ಕೈಗವಸು ಕಳಚಿ ಕಾಫಿಗೆ ಹೊರಡುವುದು ಗಂಡನ ಪದ್ಧತಿ. ಹೊಲಿಗೆ ಕಿರಿಯರ ಪಾಲು. ಹಾಗೆ ಹೊಲಿಸಿಕೊಂಡ ಲಾರಿ ಚಾಲಕನೊಬ್ಬನ ಗಾಯ ಕೀವಾಗಿ ಬಾಯಿ ಬಿಟ್ಟಿತ್ತು. ಎದೆ ತೆರೆಯುವವರೆಲ್ಲ ಇಂಥ ಗಾಯ ಮುಚ್ಚುವುದನ್ನೂ ಕಲಿಯಬೇಕು, ಕಲಿಸಿದವರ ಸಹಿಯಿಲ್ಲದೆ ಇನ್ನು ಯಾರ ಎದೆಯನ್ನೂ ಮುಟ್ಟುವಂತಿಲ್ಲ ಎಂದು ಆಸ್ಪತ್ರೆ ಆದೇಶ ಹೊರಡಿಸಿತು. ಕಲಿಸುವವರು ಮನೆಯಲ್ಲೇ ಇದ್ದರು. ತೊಂದರೆ ಅದೇ.

ಗಂಡ: ಸರಿ, ಬಾಯಲ್ಲೇ ಹೇಳಿಬಿಡು. ಊಟ ಮುಗಿಯೋದ್ರೊಳಗೆ ಕಲೀತೀನಿ.

ಹೆಂಡತಿ: ಪಕ್ಕದ ಸ್ನಾಯು ಸರಿಸಿ ತಂದು ಗಾಯದ ಹಳ್ಳ ತುಂಬಬೇಕು. ಅದರ ರಕ್ತನಾಳ ಮಾತ್ರ ಕಡೀಬಾರದು. ಮನೆಗೆ ಸೊಸೆ ತಂದ ಹಾಗೆ. ತವರಿನ ನಂಟು ಕಡಿದ್ರೆ ಒಣಗಿಹೋಗ್ತಾಳೆ.

ಗಂಡ: ನಿಮ್ಮಮ್ಮನ ಮನೆ ವಿಷಯ ಆಪರೇಷನ್ ಟೇಬಲ್‌ವರೆಗೂ ಬಂತಾ?

ಹೆಂಡತಿ: ಬರುತ್ತೆ. ನೀವು ಎಲ್ಲದನ್ನೂ ಜಗ್ಗಿ ಬಿಗಿ ಮಾಡೋರು. ಇದನ್ನ ಜಗ್ಗಿದ್ರೆ ಬಿಳಿಚಿಕೊಂಡು ಸಾಯುತ್ತೆ.

ಗಂಡ: ಹೊಲಿದ ಮೇಲೆ?

ಹೆಂಡತಿ: ಕಾಫಿ ಇಲ್ಲ. ತಂದು ಕೂರಿಸಿದ್ದು ಬದುಕಿದೆಯಾ ಅಂತ ನೀವೇ ನೋಡ್ತಾ ಇರಬೇಕು. ಬದುಕಿದ್ರೆ ಸಹಿ.

ಚಾಲಕನ ಆಪರೇಷನ್ ಶುರುವಾಯಿತು. ಗಂಡ ಕೈ ಹಾಕಿದರು, ಹೆಂಡತಿ ಎದುರು ನಿಂತರು. ಆತ ಜಗ್ಗಿದಾಗಲೆಲ್ಲ ಈಕೆ ಕೆಮ್ಮಿದರು. ಕೆಮ್ಮು ಕೇಳಿದಾಗಲೆಲ್ಲ ಆತ ಕೈ ಸಡಿಲಿಸಿದರು. ಮೇಡಂಗೆ ಔಷಧಿ ತರಲೇ ಎಂದು ನರ್ಸ್ ಕೇಳಿದರೆ, ಬೇಡಮ್ಮ, ಈ ಕೆಮ್ಮಿಗೆ ಔಷಧಿ ಸಿಕ್ಕಿದ್ದರೆ ನಾನೇ ಎಂದೋ ತರುತ್ತಿದ್ದೆ ಎಂದರು ಗಂಡ. ಕೊನೆಯ ಹೊಲಿಗೆಯನ್ನೂ ತಾವೇ ಹಾಕಿದರು.

ಅಲ್ಲಿಂದ ಶುರುವಾಯಿತು. ದೊಡ್ಡ ಡಾಕ್ಟರು ವಾರ್ಡಿಗೆ ಬರುವುದು, ಗಾಯದ ಅಂಚಿನ ಬಣ್ಣ ನೋಡುವುದು, ಬೆಚ್ಚಗಿದೆಯೇ ಎಂದು ಬೆರಳಿಡುವುದು, ನಿಟ್ಟುಸಿರು ಬಿಡುವುದು, ಹೋಗುವುದು, ಬಾಗಿಲಿಂದಲೇ ತಿರುಗಿ ಬರುವುದು. ಚಾಲಕನ ಮುಖ ಬರಬರುತ್ತ ಇಳಿದುಹೋಯಿತು. ಸಂಜೆ ಮೇಡಂ ಬಂದಾಗ ಅವರ ಸೆರಗು ಹಿಡಿಯುವುದೊಂದು ಬಾಕಿ.

ಚಾಲಕ: ಮೇಡಂ, ನಿಜ ಹೇಳಿಬಿಡಿ. ಮೊದಲ ಆಪರೇಷನ್ ಆದಾಗ ದೊಡ್ಡ ಡಾಕ್ಟ್ರು ಒಂದು ಸಲಾನೂ ಮುಖ ತೋರಿಸಲಿಲ್ಲ. ಈಗ ಬಿಟ್ಟೂಬಿಡದೆ ಬಂದು ನನ್ನನ್ನೇ ನೋಡ್ತಾ ನಿಲ್ತಾರೆ. ಮನೆಯವರನ್ನ ಕರೆಸಬೇಕಾ? ನಾನು ಉಳಿಯಲ್ವಾ?

ಮೇಡಂ ಗಾಯ ನೋಡಿದರು. ಬಣ್ಣ ಚೆನ್ನಾಗಿತ್ತು, ಬೆಚ್ಚಗೂ ಇತ್ತು. ಪರದೆಯ ಆಚೆ ಒಂದು ಜೊತೆ ಬೂಟು ಅಲುಗಾಡದೆ ನಿಂತಿತ್ತು.

ಹೆಂಡತಿ: ನೀವು ಆರಾಮಾಗಿ ಉಳೀತೀರಪ್ಪ. ಫೇಲಾಗೋ ಭಯ ಇರೋದು ಅವರಿಗೆ.