ಅತ್ತೆಗೆ ಸುಟ್ಟುಕೊಟ್ಟ ತಟ್ಟೆ

"ಇನ್ಮೇಲೆ ಈ ಮನೆ ವಿಡಿಯೋ ಯಾವ ಸ್ಟುಡಿಯೋದವನ ಕೈಗೂ ಹೋಗಕೂಡದು! ಹೋದ್ರೆ ನಾನು ಹನುಮಂತರಾಜುನೇ ಅಲ್ಲ!"

ಹಿರಿಯೂರಿನ ಹನುಮಂತರಾಜು ಈ ಘೋಷಣೆ ಮಾಡಿದ್ದು ಬೆಳಗಿನ ಉಪ್ಪಿಟ್ಟಿನ ತಟ್ಟೆಯ ಮುಂದೆ. ಕೇಳಿಸಿಕೊಂಡದ್ದು ಅವನ ಹೆಂಡತಿ ಲತಾ ಮತ್ತು ಉಪ್ಪಿಟ್ಟು. ಇಬ್ಬರಲ್ಲಿ ಉಪ್ಪಿಟ್ಟೇ ಸ್ವಲ್ಪ ಹೆಚ್ಚು ಗಮನ ಕೊಟ್ಟಂತಿತ್ತು.

ಹನುಮಂತರಾಜು ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಪರೀಕ್ಷಿಸುವವನು. ಲಾರಿ ಬಂದು ನಿಂತರೆ ಚೀಲಕ್ಕೆ ಕೈ ಹಾಕುತ್ತಿದ್ದ, ಒಂದು ಹಿಡಿ ತೆಗೆಯುತ್ತಿದ್ದ, ಸುಲಿದು ಎರಡು ಬೀಜ ಬಾಯಿಗೆ ಎಸೆದುಕೊಂಡು "ಗಟ್ಟಿ" ಅಥವಾ "ಜೊಳ್ಳು" ಎಂದುಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮೇಲೆ ಆ ಅಭ್ಯಾಸ ಮಿಲ್ಲಿನ ಗೇಟು ದಾಟಿ ಅವನ ಹಿಂದೆಯೇ ಮನೆಗೆ ಬಂದಿತ್ತು. ಪಕ್ಕದ ಮನೆಯವರು ಜೊಳ್ಳು. ಟಿವಿಯಲ್ಲಿ ಸುದ್ದಿ ಓದುವವರು ಜೊಳ್ಳು. ಹೆಂಡತಿಯ ತವರಿನವರಂತೂ ಚೀಲಗಟ್ಟಲೆ ಜೊಳ್ಳು! ಭೂಮಂಡಲದಲ್ಲಿ ಗಟ್ಟಿಯಾಗಿದ್ದ ಒಂದೇ ಒಂದು ಬೀಜ ಯಾವುದು ಎಂಬುದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಮೀಸೆ ತೀಡಿಕೊಳ್ಳುತ್ತಿದ್ದ, ಅಷ್ಟೇ.

ವಿಷಯ ಇಷ್ಟು. ಹಿಂದಿನ ತಿಂಗಳು ಬಾಗೂರಿನ ಅತ್ತೆಮನೆಯಲ್ಲಿ ಭಾವಮೈದ ಗಿರೀಶನ ಮಗುವಿಗೆ ನಾಮಕರಣ ಆಗಿತ್ತು. ಎರಡು ಗಂಟೆಯ ಆ ಸಮಾರಂಭವನ್ನು ಹನುಮಂತರಾಜು ತನ್ನ ಹೊಸ ಫೋನಿನಲ್ಲಿ ಖುದ್ದಾಗಿ ಸೆರೆಹಿಡಿದಿದ್ದ. ಅತ್ತೆ ಚಂದ್ರಕ್ಕನಿಗೆ ಅದನ್ನು ನೋಡುವಾಸೆ. ಆದರೆ ಫೋನಿನಲ್ಲಿ ಅಲ್ಲ.

"ಅದ್ರಾಗೆ ಎಲ್ರೂ ಇರುವೆ ಹರಿದಂಗೆ ಕಾಣ್ತಾರೆ ಅಳಿಯಂದ್ರೇ. ನಮ್ಮನೇಲಿ ಟಿವಿ ಪಕ್ಕ ಡಬ್ಬಿ ಐತಲ್ಲ, ಅದ್ರೊಳಗೆ ಹಾಕ ತಟ್ಟೆ ಮಾಡ್ಸಿಕೊಡ್ರಿ" ಎಂದಿದ್ದಳು.

ತಟ್ಟೆ ಎಂದರೆ ಡಿವಿಡಿ.

"ಬಸ್ ಸ್ಟ್ಯಾಂಡಿನ ಹತ್ರ ಕಲ್ಲೇಶನ ಸ್ಟುಡಿಯೋ ಐತಲ್ರಿ, ಕೊಟ್ರೆ ಒಂದ್ ಗಂಟೇಲಿ ಮಾಡ್ಕೊಡ್ತಾನೆ" ಎಂದು ಲತಾ ಹೇಳಿದ್ದೇ ಈ ಘೋಷಣೆಗೆ ಕಾರಣ.

"ಕಲ್ಲೇಶನಾ? ಗುಲಾಬಿ ಹೂವಿನೊಳಗೆ ಗಂಡು ಹೆಣ್ಣಿನ ಮುಖ ಅಂಟಿಸೋದು ಬಿಟ್ರೆ ಅವನಿಗೇನೇ ಗೊತ್ತು? ನಾನೇ ಕನ್ವರ್ಟ್ ಮಾಡ್ತೀನಿ, ನಾನೇ ಬರ್ನ್ ಮಾಡ್ತೀನಿ!"

"ಬರ್ನ್ ಅಂದ್ರೆ?"

"ಸುಡೋದು. ತಟ್ಟೆ ಮೇಲೆ ವಿಡಿಯೋ ಸುಡೋದು."

"ಅವ್ವ ನೋಡೋಕೆ ಕೇಳಿದ್ರೆ ನೀವು ಸುಡ್ತೀನಿ ಅಂತೀರಲ್ರೀ!"

ಯಂತ್ರದ ರಿಪೇರಿಗೆಂದು ಮಿಲ್ಲಿಗೆ ನಾಲ್ಕು ದಿನ ಬೀಗ ಬಿದ್ದಿತ್ತು. ಹನುಮಂತರಾಜು ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ದಂಡಯಾತ್ರೆಗೆ ಹೊರಟವನಂತೆ ಕುಳಿತ. ಅಷ್ಟರಲ್ಲಿ ಗಿರೀಶನ ಫೋನು ಬಂತು.

"ಭಾವ, ಒಂದು ಪುಕ್ಕಟೆ ಸಾಫ್ಟ್‌ವೇರ್ ಐತೆ, ಹೆಸ್ರು ಕಳಿಸ್ತೀನಿ. ನೋಡಾಕೆ ಸಾದಾ, ಆದ್ರೆ ಕೆಲ್ಸ ಮಾಡ್ತೈತೆ. ಸುಮ್ನೆ ಅದನ್ನ ಹಾಕ್ಕಳ್ರಿ."

"ಪುಕ್ಕಟೆದು, ಸಾದಾದು, ಎರಡೂ ನಿಂಗೇ ಇರ್ಲಿ ಕಣಪ್ಪ" ಎಂದು ಹನುಮಂತರಾಜು ಫೋನಿಟ್ಟ. ಗಿರೀಶ ಹೇಳಿದ್ದನ್ನು ಹಾಕಿಕೊಳ್ಳುವುದೆಂದರೆ ಜೊಳ್ಳನ್ನು ಕೇಳಿ ಗಟ್ಟಿಯನ್ನು ಆರಿಸಿದಂತೆ!

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾಫ್ಟ್‌ವೇರುಗಳು ಲಾರಿಗಟ್ಟಲೆ ಬಂದು ಸುರಿದವು. ಎಲ್ಲವೂ ಜಗತ್ತಿನಲ್ಲೇ ನಂಬರ್ ಒನ್! ಎರಡನೆಯ ಸ್ಥಾನಕ್ಕೆ ಒಬ್ಬನೂ ಗತಿಯಿರಲಿಲ್ಲ. ಮೊದಲು ಸಿಕ್ಕಿದ್ದನ್ನು ಇಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಪರಿವರ್ತನೆ ಮುಗಿಯಿತು. ತೆರೆದು ನೋಡಿದರೆ ತೊಟ್ಟಿಲಲ್ಲಿ ಮಲಗಿದ ಕೂಸಿನ ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ 'ಟ್ರಯಲ್ ವರ್ಷನ್' ಎಂದು ಅಡ್ಡಲಾಗಿ ಬರೆದಿತ್ತು.

"ಅಯ್ಯಯ್ಯೋ! ನನ್ನ ತಮ್ಮನ ಮಗು ಟ್ರಯಲ್ಲಾ?" ಲತಾ ಸೌಟು ಹಿಡಿದೇ ಓಡಿ ಬಂದಳು. "ಇದನ್ನ ಸುಷ್ಮಿತಾ ನೋಡಿದ್ರೆ ನಿಮ್ಮನ್ನ ಊರೊಳಗೆ ಬಿಟ್ಕಂತಾಳಾ?"

ಸುಷ್ಮಿತಾ ಎಂದರೆ ಗಿರೀಶನ ಹೆಂಡತಿ, ಮಗುವಿನ ತಾಯಿ. ಅವಳ ಕೋಪದ ಮುಂದೆ ಹನುಮಂತರಾಜುವಿನ ಮೀಸೆಗೂ ಸ್ವಲ್ಪ ಭಯವಿತ್ತು. ಆ ಸಾಫ್ಟ್‌ವೇರನ್ನು "ಥೂ ಜೊಳ್ಳು!" ಎಂದು ಕಿತ್ತೆಸೆದ.

ಎರಡನೆಯದು ಮರ್ಯಾದಸ್ಥ, ಯಾರ ಹಣೆಯ ಮೇಲೂ ಏನೂ ಬರೆಯಲಿಲ್ಲ. ಆದರೆ ಎರಡು ನಿಮಿಷ ವಿಡಿಯೋ ತೋರಿಸಿ ಪೂರ್ತಿ ಕಪ್ಪಾಗಿ ಕೂತಿತು. ಸಮಾರಂಭದಲ್ಲಿ ಅಷ್ಟು ಹೊತ್ತಿಗೆ ಚಪ್ಪರದ ಕೆಳಗೆ ಚಾಪೆ ಹಾಸಿ ಮುಗಿದಿತ್ತು, ಅಷ್ಟೇ. ಮೂರನೆಯದು ತಾನೊಬ್ಬನೇ ಬರಲಿಲ್ಲ, ಬೀಗರನ್ನೆಲ್ಲ ಕರೆದುಕೊಂಡು ಬಂತು. ಒಬ್ಬ ಜಾತಕ ಹೇಳುವವನು, ಒಬ್ಬ ರಮ್ಮಿ ಆಡಿಸುವವನು, "ನಿಮ್ಮ ಕಂಪ್ಯೂಟರಿಗೆ ನಲವತ್ತೊಂದು ರೋಗಗಳಿವೆ" ಎಂದು ಅರಚುತ್ತಾ ಮಿನುಗುವವನು! ಅವರನ್ನೆಲ್ಲ ಹೊರಗೆ ದಬ್ಬುವುದರಲ್ಲೇ ಎರಡನೆಯ ದಿನ ಮುಗಿಯಿತು. ನಾಲ್ಕನೆಯದು ಡಿವಿಡಿಯನ್ನು ನಿಜವಾಗಿಯೂ ಸುಟ್ಟಿತು. ಆದರೆ ಅದರಲ್ಲಿ ಎಲ್ಲರೂ ಅಡ್ಡಕ್ಕೆ ಊದಿದ್ದರು. ಒಣಗಿದ ನುಗ್ಗೇಕಾಯಿಯಂತಿದ್ದ ಗಿರೀಶ ಪೈಲ್ವಾನನಾಗಿದ್ದ. ಮೊದಲೇ ದುಂಡಗಿದ್ದ ಚಂದ್ರಕ್ಕ ಟಿವಿಯಲ್ಲಿ ಹಿಡಿಸದೆ ಆಚೆ ಈಚೆ ಚೆಲ್ಲಿದ್ದಳು.

ಮೂರನೆಯ ದಿನದ ಸಂಜೆಗೆ ಕೆಟ್ಟ ತಟ್ಟೆಗಳು ಒಂಬತ್ತಾದವು. ಲತಾ ಅವುಗಳಿಗೆ ದಾರ ಪೋಣಿಸಿ ಹಿತ್ತಲಿನ ದಾಳಿಂಬೆ ಗಿಡಕ್ಕೆ ಕಟ್ಟಿದಳು. ಥಳಥಳ ಹೊಳೆಯುವುದನ್ನು ಕಂಡು ಗಿಳಿಗಳು ಹತ್ತಿರ ಸುಳಿಯಲಿಲ್ಲ.

"ನೋಡ್ರಿ, ನಿಮ್ಮ ಸಾಫ್ಟ್‌ವೇರ್ ಪೂರ್ತಿ ದಂಡ ಆಗ್ಲಿಲ್ಲ" ಎಂದಳು.

ಹನುಮಂತರಾಜು ಪರದೆಯಿಂದ ಕಣ್ಣು ಕೀಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವನಿಗೆ ಐದನೆಯದು ಸಿಕ್ಕಿತ್ತು! ಅದರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಇದು ದೊಡ್ಡ ಮನೆತನದ್ದು ಎಂದು. ಕಪ್ಪು ಪರದೆ, ಬಂಗಾರದ ಗುರುತು, ಪಕ್ಕದಲ್ಲಿ ಸಾಲಾಗಿ ಖಾಲಿ ಚೌಕಗಳು. ಬಣ್ಣ ತಿದ್ದುವುದು, ನಡುಕ ನಿಲ್ಲಿಸುವುದು, ಗದ್ದಲ ತೆಗೆಯುವುದು, ಹತ್ತಿರದ ಧ್ವನಿಯನ್ನು ಗುರುತಿಸಿ ಎತ್ತರಿಸುವುದು, ಎಲ್ಲವೂ ಎಐ ಮಹಿಮೆ. ಯಾವ ಚೌಕಕ್ಕೆ ಗುರುತು ಹಾಕಬೇಕು, ಯಾವುದಕ್ಕೆ ಬೇಡ ಎಂದು ಯೋಚಿಸುವುದು ಸಣ್ಣ ಮನುಷ್ಯರ ಕೆಲಸ. ಹನುಮಂತರಾಜು ಎಲ್ಲಕ್ಕೂ ಹಾಕಿದ!

ಮಾರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರು ಏದುಸಿರು ಬಿಟ್ಟಿತು. ಹತ್ತನೆಯ ತಟ್ಟೆ ಬಿಸಿಬಿಸಿಯಾಗಿ ಹೊರಬಂತು. ಹಾಕಿ ನೋಡಿದರೆ, ಆಹಾ! ಚಪ್ಪರದ ಒಂದೊಂದು ಮಾವಿನೆಲೆಯೂ ಎಣಿಸುವಷ್ಟು ಸ್ಪಷ್ಟ. ಎರಡು ನಿಮಿಷ ನೋಡಿ ಹನುಮಂತರಾಜು ತಟ್ಟೆಯನ್ನು ತೆಗೆದು ಕವರಿನೊಳಗಿಟ್ಟ.

"ಪೂರ್ತಿ ಒಂದ್ಸಲ ನೋಡ್ರಿ" ಎಂದಳು ಲತಾ.

"ಲೇ, ಒಂದು ಹಿಡಿ ನೋಡಿ ಇಡೀ ಲೋಡಿನ ಭವಿಷ್ಯ ಹೇಳೋನು ನಾನು! ನನಗೇ ಹೇಳ್ಕೊಡ್ತೀಯಾ?"

ಭಾನುವಾರ ಇಬ್ಬರೂ ಬಾಗೂರಿಗೆ ಹೋದರು. ಚಂದ್ರಕ್ಕ ಡಿವಿಡಿ ಡಬ್ಬಿಯ ಧೂಳು ಒರೆಸಿ ಕುಂಕುಮ ಇಟ್ಟಿದ್ದಳು. ನಡುಮನೆಯಲ್ಲಿ ಅವಳ ಅಕ್ಕ ಕಾಟಮ್ಮ, ತಮ್ಮ ಚಿಕ್ಕತಿಮ್ಮಪ್ಪ, ಗಿರೀಶ, ಮಗುವನ್ನು ಮಡಿಲಲ್ಲಿಟ್ಟುಕೊಂಡ ಸುಷ್ಮಿತಾ ಎಲ್ಲರೂ ಸೇರಿದ್ದರು. ಹನುಮಂತರಾಜುವಿಗೆ ಕುರ್ಚಿ, ಉಳಿದವರಿಗೆ ಚಾಪೆ.

"ಕಲ್ಲೇಶನಂಥೋರ ಕೈಗೆ ಕೊಟ್ಟಿದ್ರೆ ಹಾಳಾಗ್ತಿತ್ತು. ಒಂದೊಂದು ಮಾತೂ ಮುತ್ತಿನಂಗೆ ಕೇಳ್ತೈತೆ, ನೋಡ್ರಿ" ಎಂದು ಅವನು ಕಾಲ ಮೇಲೆ ಕಾಲು ಹಾಕಿದ.

ಅದು ಮಾತ್ರ ನಿಜವಾಗಿತ್ತು. ಮೊದಲ ಎರಡು ನಿಮಿಷ ಚಪ್ಪರ. ಮೂರನೆಯ ನಿಮಿಷಕ್ಕೆ ಪೂಜೆಯ ಅಯ್ನೋರು ಬಾಯಿ ತೆರೆದರು. ಆದರೆ ಮಂತ್ರ ಕೇಳಿಸಲಿಲ್ಲ. ಅದರ ಬದಲು ಇಡೀ ನಡುಮನೆ ತುಂಬುವಂತೆ ಹನುಮಂತರಾಜುವಿನ ಸ್ವಂತ ಧ್ವನಿ ಮೊಳಗಿತು:

"ಇವ್ನೇನು ಮಂತ್ರ ಹೇಳ್ತಾನೋ, ಬಸ್ಸಿಗೆ ಜನ ಕೂಗ್ತಾನೋ? ಹಿರಿಯೂರು, ಐಮಂಗಲ, ಚಿತ್ರದುರ್ಗ ಅಂದಂಗೈತೆ!"

ಹನುಮಂತರಾಜುವಿನ ಮೇಲಿನ ಕಾಲು ಕೆಳಗಿಳಿಯಿತು. ಫೋನು ಹಿಡಿದು ನಿಂತಿದ್ದಷ್ಟು ಹೊತ್ತೂ ಅವನ ಬಾಯಿ ಅಭ್ಯಾಸಬಲದಿಂದ ಗೊಣಗುತ್ತಲೇ ಇತ್ತು. ಓಲಗದ ಗದ್ದಲದಲ್ಲಿ ಆವತ್ತು ಯಾರಿಗೂ ಕೇಳಿಸಿರಲಿಲ್ಲ. ಈಗ ಆ ದೊಡ್ಡ ಮನೆತನದ ಸಾಫ್ಟ್‌ವೇರು ಗದ್ದಲವನ್ನು ಅಚ್ಚುಕಟ್ಟಾಗಿ ತೆಗೆದು, ಫೋನಿಗೆ ಎಲ್ಲರಿಗಿಂತ ಹತ್ತಿರವಿದ್ದ ಧ್ವನಿಯನ್ನು ಹೇಳಿದಂತೆಯೇ ಎತ್ತರಿಸಿತ್ತು!

ಅಷ್ಟರಲ್ಲಿ ಟಿವಿಯಲ್ಲಿ ಚಿಕ್ಕತಿಮ್ಮಪ್ಪ ಮಗುವನ್ನು ಹರಸಲು ಎದ್ದು ನಿಂತ. ಧ್ವನಿ ಬಂತು: "ಎದ್ದ ನೋಡಪ್ಪ! ತಂದಿರೋದು ಒಂದು ಗಿಲಕಿ, ನಿಂತಿರೋದು ಕಾರು ತಂದೋನಂಗೆ. ಇವ್ನು ಬಾಯಿ ತೆಗೆದ್ರೆ ಬೋರ್‌ವೆಲ್ ಲಾರಿ ಶುರುವಾದಂಗೆ, ನೀರು ಮಾತ್ರ ಬರಲ್ಲ."

ಚಾಪೆಯ ಮೇಲಿನ ಚಿಕ್ಕತಿಮ್ಮಪ್ಪ ನಿಧಾನವಾಗಿ ಕುರ್ಚಿಯ ಕಡೆ ತಿರುಗಿದ. "ಏನಪ್ಪ ರಾಜು, ಯಾರಿದು ಮಾತಾಡ್ತಿರಾದು?"

"ಅದು... ಅದು ಸಾಫ್ಟ್‌ವೇರ್ ಮಾವ! ಈಗ ಎಐ ಅಂತ ಬಂದೈತಲ್ಲ, ಅದೇ ತಂತಾನೇ ಮಾತು ಸೇರಿಸ್ತೈತೆ..."

ಟಿವಿಯಲ್ಲಿ ಪಾಯಸದ ಪಾತ್ರೆ ಬಂತು. "ಅತ್ತೆ ಪಾಯಸ ಮಾಡವ್ರೋ, ಮಾರಿಕಣಿವೆ ಡ್ಯಾಮು ತುಂಬಿಸವ್ರೋ! ಶ್ಯಾವಿಗೆ ಹುಡುಕಾಕೆ ತೆಪ್ಪ ಬೇಕು."

"ಭಾವ," ಎಂದ ಗಿರೀಶ ಬಲು ವಿನಯದಿಂದ, "ಎಐಗೆ ನಮ್ಮವ್ವನ ಪಾಯಸ ಹೆಂಗೆ ಗೊತ್ತಾತು?"

ಹನುಮಂತರಾಜು ಟಿವಿಯ ಕಡೆ ಹಾರಿದ. ಆದರೆ ರಿಮೋಟು ಚಂದ್ರಕ್ಕನ ಮುಷ್ಟಿಯಲ್ಲಿತ್ತು.

"ಕುಂತ್ಕಳ್ರಿ ಅಳಿಯಂದ್ರೇ. ಇನ್ನೂ ಯಾರ್ಯಾರು ಬರ್ತಾರೋ ನೋಡಾಣ."

ಕಾಟಮ್ಮ ಬಂದಳು. ತೊಟ್ಟಿಲು ತೂಗುತ್ತಾ ಬಾಯಿ ತೆರೆದಳು. "ಜೋಗುಳ ಹಾಡ್ತಾಳೋ, ಮಂದೆ ಬಿಟ್ಟೋದ ಕುರಿ ಕರೀತಾಳೋ! ಮಲಗಿದ್ದ ಕೂಸು ಎದ್ದೇ ಬಿಡ್ತಲ್ಲೋ!"

ಚಿಕ್ಕತಿಮ್ಮಪ್ಪನಿಗೆ ತಡೆಯಲಾಗಲಿಲ್ಲ. ಬುಸ್ಸೆಂದು ನಕ್ಕ.

"ನಗಬ್ಯಾಡ ಕಣೋ ತಮ್ಮ, ನೀರಿಲ್ಲದ ಬೋರ್‌ವೆಲ್ಲು!" ಎಂದು ಕಾಟಮ್ಮ ಸಿಡುಕಿದಳು. ಹೇಳಿದವಳಿಗೇ ನಗು ಬಂತು. ಗಿರೀಶ ಹೊಟ್ಟೆ ಹಿಡಿದುಕೊಂಡ. ಆಮೇಲೆ ನೋಡಬೇಕಿತ್ತು ಮಜಾ! ತಂತಮ್ಮ ಸರದಿ ಬಂದಾಗ ಒಬ್ಬೊಬ್ಬರ ಮುಖವೂ ಮೆಣಸಿನಕಾಯಿ ಕಡಿದಂತಾಗುತ್ತಿತ್ತು. ಮಿಕ್ಕವರ ಸರದಿಗೆ ಚಾಪೆಯ ಮೇಲೆ ಉರುಳಾಡುತ್ತಿದ್ದರು. "ಅವ್ವ, ಆ ಕುರಿ ಇನ್ನೊಂದ್ಸಲ ಹಾಕವ್ವ!" ಎಂದು ಗಿರೀಶ ಬೇಡಿದ. ಚಂದ್ರಕ್ಕ ಹಿಂದಕ್ಕೆ ಓಡಿಸಿ ಹಾಕಿದಳು. ಕುರ್ಚಿಯ ಮೇಲೆ ಕುಳಿತ ಒಬ್ಬನು ಮಾತ್ರ ನಗಲಿಲ್ಲ. ಅವನ ಕಿವಿಗಳು ಸುಟ್ಟು ಕೆಂಪಾಗಿದ್ದವು. ತನ್ನ ಬಾಯಿಯೇ ಹೀಗೆ ಗೋಡೆಯಷ್ಟು ದೊಡ್ಡದಾಗಿ ಎದುರಿಗೆ ನಿಂತು ಕೇಳಿಸಿದ್ದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಆಗ ಹೇಳುವಾಗ ಎಷ್ಟು ಚೆನ್ನಾಗಿತ್ತು!

ಆಮೇಲೆ ಟಿವಿಯಲ್ಲಿ ಚಿತ್ರ ಒಮ್ಮೆ ತಲೆಕೆಳಗಾಗಿ ಸರಿಹೋಯಿತು. ಊಟಕ್ಕೆ ಕೂರಲೆಂದು ಹನುಮಂತರಾಜು ಫೋನನ್ನು ಲತಾಳ ಕೈಗೆ ಕೊಟ್ಟ ಗಳಿಗೆ ಅದು. ಸದ್ಯ, ಇನ್ನು ತನ್ನ ಧ್ವನಿ ಇಲ್ಲವೆಂದು ಅವನು ಉಸಿರು ಬಿಟ್ಟ.

ತೆರೆಯ ಮೇಲೆ ಈಗ ಅವನೇ ಬರುತ್ತಿದ್ದ. ಎದೆ ಸೆಟೆಸಿಕೊಂಡು, ಪಂಕ್ತಿಯ ಮಧ್ಯೆ ನಡೆಯುತ್ತಾ, ಹಿರಿಯರಿಗೆಲ್ಲ ಕೈ ಮುಗಿಯುತ್ತಾ, ಬಡಿಸುವವರಿಗೆ ಬುದ್ಧಿ ಹೇಳುತ್ತಾ. ಹೊಸ ಬಿಳಿ ಅಂಗಿ. ಆ ಅಂಗಿಯ ಮೊದಲ ಗುಂಡಿ ಎರಡನೆಯ ತೂತಿಗೆ, ಎರಡನೆಯದು ಮೂರನೆಯದಕ್ಕೆ, ಹೀಗೆ ಹೊಟ್ಟೆಯವರೆಗೂ ತಪ್ಪುತ್ತಾ ಹೋಗಿ, ಒಂದು ಕಡೆಯ ಕಾಲರು ಕಿವಿಗೆ ತಾಗಿತ್ತು. ಕೆಳಗೆ ಒಂದು ತುದಿ ಮೊಳದುದ್ದ ಜೋತು ಬಿದ್ದಿತ್ತು.

ಲತಾಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಅಯ್ಯೋ ಶಿವನೇ! ಅವ್ವ, ಇವ್ರ ಅಂಗಿ ನೋಡವ್ವ. ಬೆಳಿಗ್ಗೆಯಿಂದ ಹಿಂಗೇ ಓಡಾಡ್ತವ್ರಾ?"

ಆಮೇಲೆ ಚಂದ್ರಕ್ಕನ ಪಿಸುಮಾತು, ಮುತ್ತಿನಂತೆ: "ಮೆಲ್ಲಗೆ ಕಣೇ. ಯಾರೂ ನಗಬ್ಯಾಡ್ರಿ ಅಂತ ಆಗ್ಲೇ ಎಲ್ರಿಗೂ ಹೇಳಿದೀನಿ. ಅಯ್ನೋರಿಗೂ ಹೇಳಿದೀನಿ. ಇಷ್ಟು ಜನದ ಮುಂದೆ ಗೊತ್ತಾದ್ರೆ ಅಳಿಯಂದ್ರು ಪಾಪ ನೊಂದ್ಕಂತಾರೆ."

ನಡುಮನೆಯಲ್ಲಿ ಯಾರೂ ನಗಲಿಲ್ಲ. ಗಿರೀಶ ಮಗುವಿನ ಕಾಲು ಹಿಡಿದು ಆಟವಾಡಿಸುತ್ತಾ ಕುಳಿತ. ಚಿಕ್ಕತಿಮ್ಮಪ್ಪ ಜಂತೆ ನೋಡಿದ. ಹನುಮಂತರಾಜುವಿನ ಕೈ ತಾನಾಗಿಯೇ ಎದ್ದು ಎದೆಗೆ ಹೋಯಿತು. ಮೇಲಿನಿಂದ ಕೆಳಕ್ಕೆ ಒಂದೊಂದೇ ಗುಂಡಿಯನ್ನು ತಡವತೊಡಗಿತು.

ಚಂದ್ರಕ್ಕ ಅವನ ಕಡೆ ತಿರುಗದೆಯೇ ಹೇಳಿದಳು:

"ಇವತ್ತು ಸರಿಯಾಗವೆ ಬಿಡ್ರಿ."